ಆರು ಟಬ್ ಭತ್ತ, ಕೊಳದ ಮೀನು

ಅಮೆರಿಕದ ಕಮ್ಮಿಂಗ್ ಊರಿನಲ್ಲಿ ಮನೆ ಕೊಂಡ ವರ್ಷ ನನಗೆ ಸಾವಯವದ ಹುಚ್ಚು ಹಿಡಿಯಿತು. ಬೆಂಗಳೂರಿನಲ್ಲಿ ತುಳಸಿಗೂ ನೀರು ಹಾಕದವನು, ಇಲ್ಲಿ ಹಿತ್ತಲಲ್ಲಿ ಮಕ್ಕಳು ನೀರಾಟ ಆಡುವ ಆರು ಪ್ಲಾಸ್ಟಿಕ್ ಟಬ್ ಸಾಲಾಗಿಟ್ಟು, ನೀರು ನಿಲ್ಲಿಸಿ ಭತ್ತ ನಾಟಿ ಮಾಡಿದೆ. ಗೊಬ್ಬರಕ್ಕೆ ಹತ್ತಿರದ ಫಾರಂನಿಂದ ಹಸಿ ಕೋಳಿಗೊಬ್ಬರ ತಂದೆ.

ಹೆಂಡತಿ ಮಂಡ್ಯದ ರೈತರ ಮಗಳು. "ಕೊಳೀದೇ ಇರೋ ಗೊಬ್ಬರನ ನಿಂತ ನೀರಿಗೆ ಇಷ್ಟೊಂದು ಸುರೀತಾರೇನ್ರೀ?" ಎಂದಳು.

"ಆರ್ಗ್ಯಾನಿಕ್ ಕಣೇ, ಜಾಸ್ತಿ ಆದ್ರೂ ಡ್ಯಾಮೇಜ್ ಆಗಲ್ಲ" ಎಂದೆ. ನಾನು ವಿಡಿಯೋ ನೋಡಿದ್ದೆ. ಅವಳು ಬರೀ ಗದ್ದೆ ನೋಡಿದ್ದಳು.

ಟಬ್‌ಗಳಲ್ಲಿ ಗುಳುಗುಳು ಗುಳ್ಳೆ ಎದ್ದವು. ಮಣ್ಣು ಉಸಿರಾಡುತ್ತಿದೆ ಎಂದು ಬರೆದು ವಾಟ್ಸಾಪ್ ಗುಂಪಿಗೆ ಹಾಕಿದೆ, ಮೂವತ್ತು ಜನ ಕೈ ಮುಗಿದರು. ಅದು ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಎಂದು ಆಮೇಲೆ ಓದಿದೆ. ಗುಂಪಿಗೆ ಅದನ್ನು ಹಾಕಲಿಲ್ಲ.

ಪಕ್ಕದ ಮನೆಯವರು ಧಾರವಾಡದ ನಿವೃತ್ತ ಡಾಕ್ಟರ್ ಅಂಕಲ್. ದಿನಾ ಸಂಜೆ ಬಡಾವಣೆಯ ಕೊಳಕ್ಕೆ ಹೋಗಿ ಮೀನುಗಳನ್ನು ಮಾತಾಡಿಸಿ ಬರುವುದು ಅವರ ರೂಢಿ. ಜುಲೈನಲ್ಲಿ ಆ ಕೊಳ ಪಾಚಿಗಟ್ಟಿ, ಮೀನುಗಳೆಲ್ಲ ಸತ್ತು ತೇಲಿದವು. ಅಂಕಲ್ ತಮ್ಮ ಲಾನಿಗೆ ರಾಸಾಯನಿಕ ಗೊಬ್ಬರ ಎರಚಿದ್ದನ್ನು ನಾನು ಕಂಡಿದ್ದೆ. ಬಿಡುವುದುಂಟೇ? ಅವರ ಜಗಲಿಯಲ್ಲೇ ನಿಂತು ಅರ್ಧ ಗಂಟೆ ಭಾಷಣ ಬಿಗಿದೆ.

"ಹಂಗಾರ ಅವನ್ನೆಲ್ಲಾ ನಾನ ಕೊಂದಂಗಾತಲ್ಲೋ ತಮ್ಮಾ" ಎಂದರು. ಅಂದಿನಿಂದ ಕೊಳದ ಕಡೆ ಹೋಗುವುದನ್ನೇ ಬಿಟ್ಟರು.

ಮುಂದಿನ ವಾರ ಧೋ ಎಂದು ಮಳೆ ಸುರಿಯಿತು. ಟಬ್‌ಗಳು ತುಂಬಿ, ಕಂದು ನೀರು ಹುಲ್ಲಿನ ಮೇಲೆ ಇಳಿದು ಚರಂಡಿ ಸೇರಿತು. ಕೊಡೆ ಹಿಡಿದು ಅದರ ಹಿಂದೆಯೇ ಹೋದೆ. ನೀರು ನೇರವಾಗಿ ಕೊಳಕ್ಕೆ ಬಿತ್ತು. ಮೀನು ಸಾಯುವ ಮೊದಲೂ ಹೀಗೇ ಎರಡು ದೊಡ್ಡ ಮಳೆ ಬಂದಿತ್ತು. ನಾಚಿಕೆಯಿಂದ ಸತ್ತೇಹೋದೆ. ಹೆಂಡತಿಗೆ ಹೇಳಿದೆ, ಅಂಕಲ್‌ಗೆ ಮಾತ್ರ ಹೇಳಲಿಲ್ಲ. ಇವತ್ತು, ನಾಳೆ ಎನ್ನುತ್ತಾ ಎರಡು ತಿಂಗಳು ತಳ್ಳಿದೆ.

ಕೊಯ್ಲಿಗೆ ಸಿಕ್ಕಿದ್ದು ಒಂದು ಪಾವು ಅಕ್ಕಿ. ಹೆಂಡತಿ ಅದರಲ್ಲಿ ಪಾಯಸ ಮಾಡಿ, ಡಬ್ಬಿಯನ್ನು ನನ್ನ ಕೈಗಿಟ್ಟು, "ಕೊಟ್ಟು, ಹೇಳ್ಬಿಟ್ಟೇ ಬನ್ನಿ" ಎಂದಳು.

ಹೋದೆ, ಎಲ್ಲವನ್ನೂ ಹೇಳಿದೆ. ಅಂಕಲ್ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

"ಎರಡ ತಿಂಗಳಾತು, ನನಗ ಸರಿಯಾಗಿ ನಿದ್ದಿ ಇಲ್ಲ, ತಮ್ಮಾ" ಎಂದರು. "ಗೊತ್ತಾದ ದಿನಾನ ಬಂದು ಹೇಳಬೇಕಿತ್ತು."