ಒಂದು ಫಿಂಜಾನು ಮದ್ದು

ನಾನು ಚಿಕ್ಕವಳಿದ್ದಾಗ ನನ್ನ ಅಪ್ಪನಿಗೂ ತಪ್ಪು ಮಾಡಲು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಗಬೇಡಿ, ಎಂಬತ್ತರ ದಶಕದ ಮಾತು ಇದು. ನಾವು ಮಂಗಳೂರಿನವರಾದರೂ ಇದ್ದದ್ದು ಸೌದಿಯ ರಾಸ್ ತನೂರಾದಲ್ಲಿ. ಅಪ್ಪ ಎಣ್ಣೆ ಕಂಪನಿಯ ಲ್ಯಾಬಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ತೂಗುವ, ಅಳೆಯುವ ಕೆಲಸದವರು. ಮನೆಯಲ್ಲೂ ಅದೇ ಚಾಳಿ. ಅಮ್ಮ ಸಾರಿಗೆ ಉಪ್ಪು ಹಾಕುವಾಗ ಹಿಂದೆ ಬಂದು ನಿಂತು, ಅಂದಾಜಿಗೆ ಹಾಕಬೇಡ ಮಾರಾಯ್ತಿ ಎನ್ನುತ್ತಿದ್ದರು.

ನಮ್ಮ ಕ್ಯಾಂಪಿನ ಗೇಟು ಕಾಯುತ್ತಿದ್ದ ಮುದುಕರನ್ನು ನಾನೂ ಅಕ್ಕನೂ ಗೇಟಿನ ಅಜ್ಜ ಎಂದು ಕರೆಯುತ್ತಿದ್ದೆವು. ಅವರು ದೂರದ ತಾಯಿಫ್ ಬೆಟ್ಟಗಳ ಕಡೆಯವರು. ಅಮ್ಮ ಆಸ್ಪತ್ರೆಯಲ್ಲಿದ್ದ ಒಂದು ವಾರ, ಶಾಲೆಯ ಬಸ್ಸಿನಿಂದ ಇಳಿದ ನಮ್ಮನ್ನು ತಮ್ಮ ಕೋಣೆಯಲ್ಲಿ ಕೂರಿಸಿಕೊಂಡು, ಅಪ್ಪ ಬರುವ ತನಕ ಖರ್ಜೂರ ತಿನ್ನಿಸಿದವರು ಅವರೇ. ಹಾಗಾಗಿ ಅವರು ಏನು ಕೇಳಿದರೂ ಇಲ್ಲ ಎನ್ನಲು ಅಪ್ಪನಿಗೆ ಬಾಯಿ ಬರುತ್ತಿರಲಿಲ್ಲ.

ಆ ವರ್ಷ ಅಜ್ಜನ ಮೊಮ್ಮಗನ ಮದುವೆ ಬಂತು. ಅಜ್ಜನ ಹತ್ತಿರ ಅವರ ಹಿರಿಯರ ಕಾಲದ, ಇಂಗ್ಲಿಷರ ಕೇಪಿನ ಕೋವಿಯೊಂದಿತ್ತು. ನಳಿಗೆಯ ಬಾಯಿಂದ ಕಪ್ಪು ಮದ್ದು ಸುರಿದು, ಗಜ ಎನ್ನುವ ಉದ್ದ ಸಲಾಕೆಯಿಂದ ಜಡಿದು, ಹಿಂದೆ ಕಿಡಿ ಹಾರಿಸುವ ಪುಟ್ಟ ಕೇಪು ಇಟ್ಟು ಹೊಡೆಯುವಂಥದ್ದು. ಅವರ ಊರಿನ ಮದುವೆಗಳಲ್ಲಿ ಗಂಡಸರು ಗುಂಡಿಲ್ಲದೆ ಬರೀ ಮದ್ದು ತುಂಬಿ, ಮೇಲಕ್ಕೆ ಹಾರಿ, ಕಾಲ ಕೆಳಗೆ ನೆಲದತ್ತ ಕೋವಿ ಹೊಡೆಯುತ್ತಾರೆ. ಆದರೆ ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು, ಕೈ ನಡುಗುತ್ತಿತ್ತು. ಮೊಮ್ಮಗ ಪೇಟೆಯಲ್ಲಿ ಬೆಳೆದವನು, ಕೋವಿ ಮುಟ್ಟಿದವನೇ ಅಲ್ಲ. ಅಜ್ಜ ಮದ್ದಿನ ಡಬ್ಬವನ್ನೂ ತಾವು ಕಾಫಿ ಕುಡಿಯುವ ಹಿಡಿಯಿಲ್ಲದ ಪುಟ್ಟ ಬಟ್ಟಲನ್ನೂ ತಂದು ಅಪ್ಪನ ಮುಂದಿಟ್ಟರು. ಆ ಬಟ್ಟಲಿಗೆ ಫಿಂಜಾನು ಎನ್ನುತ್ತಾರೆ. ಒಂದು ಸಲ ಹೊಡೆಯಲು ಒಂದು ಪೊಟ್ಟಣ, ಒಂದು ಪೊಟ್ಟಣಕ್ಕೆ ಒಂದು ಫಿಂಜಾನು, ಮೂರು ಪೊಟ್ಟಣ ಕಟ್ಟಿಕೊಟ್ಟರೆ ಸಾಕು ಎಂದು ಹೇಳಿ ಹೋದರು.

ಅಪ್ಪನಿಗೆ ಮದ್ದೆಂದರೆ ಭಯ. ಊರಿನಲ್ಲಿ ಇಗರ್ಜಿ ಹಬ್ಬಕ್ಕೆ ಗರ್ನಾಲು ಎಂಬ ಸಿಡಿಮದ್ದು ಕಟ್ಟುತ್ತಿದ್ದ ಅವರ ಅಪ್ಪ ಎರಡು ಬೆರಳು ಕಳೆದುಕೊಂಡಿದ್ದರು. ಆದರೂ ಕುಳಿತರು. ಒಲೆ ಆರಿಸಿ, ನಮ್ಮನ್ನು ಬಾಗಿಲಾಚೆ ನಿಲ್ಲಿಸಿ, ಫಿಂಜಾನು ತುಂಬಿಸಿ, ರಟ್ಟಿನ ಅಂಚಿನಿಂದ ಬಾಯಿ ಸಮ ಮಾಡಿ ಕಾಗದದಲ್ಲಿ ಮಡಚಿದರು. ಒಂದು ಕಾಳು ಚೆಲ್ಲಲಿಲ್ಲ. ಅಳತೆ ಎಂದರೆ ಹೀಗಿರಬೇಕು ಎಂದು ಅಕ್ಕನಿಗೂ ನನಗೂ ಪಾಠ ಬೇರೆ.

ಶುಕ್ರವಾರ ಮಧ್ಯಾಹ್ನದ ಮೇಲೆ ಕ್ಯಾಂಪಿನ ಹೊರಗಿನ ಬಯಲಿನಲ್ಲಿ ಮದುವೆ. ಹೆಂಗಸರ ಡೇರೆಯಲ್ಲಿ ಏಲಕ್ಕಿ, ಊದ್ ಧೂಪ, ಬೆಂದ ಕುರಿಮಾಂಸದ ಪರಿಮಳ ಒಟ್ಟೊಟ್ಟಿಗೆ ಮೂಗಿಗೆ ಬಡಿಯುತ್ತಿತ್ತು. ಅಜ್ಜನ ಸೊಸೆ ನನಗೂ ಒಂದು ಫಿಂಜಾನು ಕಾಫಿ ಕೊಟ್ಟರು. ನೋಡಿದರೆ ತಳದಲ್ಲಿ ಒಂದು ಗುಟುಕು! ನಮ್ಮ ಕಡೆ ನೆಂಟರಿಗೆ ಹೀಗೆ ಕೊಟ್ಟರೆ ಮರುವರ್ಷ ಅವರು ಹೊಸ್ತಿಲು ತುಳಿಯುವುದಿಲ್ಲ. ಇಷ್ಟೇ ಯಾಕೆ ಎಂದು ಕೇಳಿಯೇಬಿಟ್ಟೆ. ಅಮ್ಮ ತೊಡೆ ಚಿವುಟಿದರು. ಆ ಸೊಸೆ ನಕ್ಕು, ಅರ್ಧ ಹಿಂದಿಯಲ್ಲಿ ಅರ್ಧ ಕೈಸನ್ನೆಯಲ್ಲಿ ತಿಳಿಸಿದರು. ತಮ್ಮಲ್ಲಿ ಒಂದು ಫಿಂಜಾನು ಎಂದರೆ ಇಷ್ಟೇ. ಪೂರ್ತಿ ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದ ಹಾಗೆ.

ಹಾಗಾದರೆ ಅಪ್ಪನ ಪೊಟ್ಟಣಗಳು! ಅಷ್ಟು ಮದ್ದು ಜಡಿದರೆ ಕೋವಿಯೇ ಸಿಡಿದು ಹುಡುಗನ ಕೈ ಹೋದೀತು.

ಚಪ್ಪಲಿಯನ್ನೂ ಹಾಕದೆ ಗಂಡಸರ ಕಡೆಗೆ ಓಡಿದೆ. ಓಡುತ್ತ ಓಡುತ್ತ ಇನ್ನೊಂದು ಹೆದರಿಕೆ. ಅಷ್ಟು ಜನರ ಮುಂದೆ ಅಪ್ಪನಿಗೆ ನಿಮ್ಮ ಅಳತೆ ತಪ್ಪು ಎಂದು ಹೇಳುವುದು ಹೇಗೆ? ನಮ್ಮ ಕಾಲದಲ್ಲಿ ಮಕ್ಕಳು ಹಾಗೆಲ್ಲ ಹೇಳುತ್ತಿರಲಿಲ್ಲ. ಅಷ್ಟರಲ್ಲಿ ಮದುಮಗ ಮೊದಲ ಪೊಟ್ಟಣ ಬಿಚ್ಚುತ್ತಿದ್ದದ್ದು ಕಂಡಿತು. ಅಪ್ಪನ ಅಂಗಿ ಎಳೆದೆ.

"ಅಪ್ಪ, ಇವ್ರ ಫಿಂಜಾನು ಅಂದ್ರೆ ತುಂಬ ಅಲ್ಲ. ತಳದಲ್ಲಿ ಒಂದು ಚೂರು ಮಾತ್ರ."

ಅಪ್ಪನ ಹುಬ್ಬು ಗಂಟಿಕ್ಕಿತು. ಬೈಸಿಕೊಳ್ಳಲು ತಯಾರಾದೆ. ಆದರೆ ಮರುಕ್ಷಣ ಅವರ ಮುಖ ಬಿಳಿಚಿತು. ಒಂದೇ ನೆಗೆತಕ್ಕೆ ಹೋಗಿ ಮದುಮಗನ ಕೈ ಹಿಡಿದರು. ಡೋಲು ನಿಂತಿತು. ಅಜ್ಜ ಆ ಪೊಟ್ಟಣವನ್ನು ಅಂಗೈಯಲ್ಲಿ ತೂಗಿ ನೋಡಿದರು. ಮೊಮ್ಮಗನ ಭುಜ ಹಿಡಿದು ಹಾಗೆಯೇ ಕೆಳಗೆ ಕುಳಿತರು.

ಅಪ್ಪ ತಮ್ಮ ಹರಕು ಅರಬ್ಬಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು: "ತಪ್ಪು ನನ್ನದು. ಹಿಡಿದದ್ದು ನನ್ನ ಮಗಳು."

ಅಜ್ಜ ಬೇರೆ ಫಿಂಜಾನಿಗೆ ಕಾಫಿ ಬಗ್ಗಿಸಿ ನನ್ನ ಕೈಗೆ ಕೊಟ್ಟರು. ಅಲ್ಲಾಡಿಸದೆ ಹಿಡಿದು ದೂರದಲ್ಲಿ ನಿಂತೆ. ಅಪ್ಪ ಅದನ್ನು ನೋಡಿ ನೋಡಿ ಅಷ್ಟೇ ಮದ್ದು ಅಳೆದರು. ಮದುಮಗ ಹಾರಿದ. ಢಂ! ಕಾಲ ಕೆಳಗೆ ಬೆಂಕಿ, ಸುತ್ತ ಬಿಳಿ ಹೊಗೆ, ಗಂಧಕದ ವಾಸನೆ, ಅದರೊಳಗಿಂದ ಹಲ್ಲು ಕಿರಿಯುತ್ತ ಹೊರಬಂದ ಹುಡುಗ. ನನ್ನ ಕೈ ಹಿಡಿದಿದ್ದ ಅಪ್ಪನ ಅಂಗೈ ಬೆವರಿನಿಂದ ಒದ್ದೆಯಾಗಿತ್ತು. ಅವರ ಮೇಲೆ ನನಗೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ.

ಈಗ ನಿಮ್ಮ ಕಾಲ. ಎಲ್ಲ ಪ್ಯಾಕೆಟ್ಟಿನ ಮೇಲೂ ಅಳತೆ ಅಚ್ಚಾಗಿರುತ್ತದೆ, ಇಲ್ಲದಿದ್ದರೆ ಫೋನು ಹೇಳುತ್ತದೆ. ದೊಡ್ಡವರು ತಪ್ಪಿದರೆ ನೀವು ಬರಿಗಾಲಲ್ಲಿ ಓಡಬೇಕಾಗಿಲ್ಲ. ಸೋಫಾದಲ್ಲಿ ಬಿದ್ದುಕೊಂಡೇ "ಅಜ್ಜಿ, ಅದು ಹಾಗಲ್ಲ" ಎನ್ನುತ್ತೀರಿ. ನನಗೆ ಸಿಟ್ಟು ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೂ ಹೇಳಿ. ನನ್ನ ಮುಖ ನೋಡಿ ಹೆದರಿ ಬಾಯಿ ಮುಚ್ಚಿಕೊಳ್ಳಬೇಡಿ. ಅಂದು ಅಷ್ಟು ಜನರ ಎದುರು ಅಪ್ಪ ನನಗೆ ಒಂದು ಮಾತು ಬೈದಿದ್ದರೆ, ಈ ಜನ್ಮದಲ್ಲಿ ನಾನು ಮತ್ತೆ ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ.