ಅಕ್ಕನ ಎಡ ಸೊಂಟ

ನಮ್ಮಕ್ಕ ಗಾದೆಮ್ಮನ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ, ಆಗಲೇ ಅವ್ವ ನನ್ನನ್ನು ಅವಳ ಎಡ ಸೊಂಟದ ಮೇಲೆ ಕೂರಿಸಿ ಕಳೆ ತೆಗೆಯಲು ಹೋದಳಂತೆ. ಹೊಸಹಳ್ಳಿ ಕಡೆ ನಮ್ಮೂರಲ್ಲಿ ಕೂಲಿಗೆ ಹೋಗುವವರ ಮನೆಗಳಲ್ಲಿ ಹಿರೇ ಮಗಳ ಕೆಲಸ ಅದೇ. ಎಡಕ್ಕೇ ಏಕೆಂದರೆ ಬಲಗೈ ಕಸ ಹೊಡೆಯಲು, ಮುದ್ದೆ ತಿರುವಲು ಬೇಕು. ನಾನು ಇಳಿದ ಮೇಲೆ ತಮ್ಮ ಓಬಳೇಶ ಹತ್ತಿದ. ಅವನು ನಡೆಯುವಷ್ಟರಲ್ಲಿ ನಾಗಪ್ಪ ಹುಟ್ಟಿದ. ಸೊಂಟ ಬರಿದಾಗಲಿಲ್ಲ.

ಅದು ಒಂದು ಕಡೆ ಉಬ್ಬಿದ್ದನ್ನು ಎಲ್ಲರೂ ನೋಡಿದ್ದರು. ಯಾರೂ ಅದನ್ನು ಕೇಡೆಂದು ತಿಳಿಯಲಿಲ್ಲ. "ಗಾದಿ ಸೊಂಟದಾಗ ಕೂಸು ಜಾರಂಗಿಲ್ಲ ನೋಡ್ರಿ, ಪೀಠ ಇದ್ದಂಗೈತಿ" ಎನ್ನುತ್ತ ಅತ್ತೆ ನೀಲಗಂಗಮ್ಮ ತನ್ನ ಕೂಸನ್ನೂ ತಂದು ಕೂರಿಸುತ್ತಿದ್ದಳು. ಹೆಣ್ಣು ನೋಡಲು ಬಂದವರು ಕೊಡ ಚೆಂದ ಕೂರುತ್ತದೆಂದು ಒಪ್ಪಿಕೊಂಡು ಹೋದರು.

ಈಗ ಅಕ್ಕನೂ ನನ್ನ ಹಾಗೆ ಗಂಡನನ್ನು ಕಳೆದುಕೊಂಡು ನನ್ನ ಜೊತೆಗೇ ಇದ್ದಾಳೆ. ಎಡಗಾಲು ಊರಿದರೆ ಮುಖ ಕಿವುಚಿಕೊಳ್ಳುತ್ತಾಳೆ. ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯಲ್ಲಿರುವ ಓಬಳೇಶನ ಮಗ ವೆಂಕಟೇಶ ತನ್ನ ಆಟೊದಲ್ಲಿ ನಮ್ಮನ್ನು ಕೂಡ್ಲಿಗಿಗೆ ಕರೆದೊಯ್ದ. ಡಾಕ್ಟರಮ್ಮ ಎಕ್ಸರೇ ನೋಡಿ, "ಅಜ್ಜಿ, ಸಣ್ಣಾಕಿ ಇದ್ದಾಗ ಬಿದ್ದಿದ್ರೇನು?" ಎಂದರು.

"ಬಿದ್ದಿಲ್ಲವ್ವ. ಹೊತ್ತಿದ್ದೆ."

"ಏನು ಹೊತ್ತಿದ್ರಿ?"

ಅಕ್ಕ ನನ್ನ ಕಡೆ ಬೆರಳು ಮಾಡಿದಳು. "ಇಕೀನ."

ಡಾಕ್ಟರಮ್ಮ ನಕ್ಕರು. ಆಮೇಲೆ ನಗಲಿಲ್ಲ. ಎಳೇ ಎಲುಬು ವಾಲಿದಂತೆಯೇ ಬೆಳೆದಿರಬೇಕು, ಹೊಟ್ಟೆಗೂ ಸಾಲದಿದ್ದರೆ ಇನ್ನೇನಾಗುತ್ತದೆ, ಈಗ ಕೀಲು ಸವೆದು ಹೋಗಿದೆ, ಆಪರೇಷನ್ ತಡೆಯುವಷ್ಟು ಎದೆ ಗಟ್ಟಿ ಇಲ್ಲ ಎಂದರು. ನೋವಿಗೆ ಗುಳಿಗೆ ಕೊಟ್ಟು, ಕೋಲು ಹಿಡಿದು ನಡೆಯಲು ಹೇಳಿದರು.

ಬರುವಾಗ ಅಕ್ಕ ನನ್ನ ಕಿವಿಯಲ್ಲಿ ಒಂದೇ ಮಾತು ಆಡಿದಳು. "ಬಚ್ಚಲಿಗೆ ನನ್ ಕಾಲಾಗ ನಾನ ಹೋಗಬೇಕು ನೋಡವ್ವ. ಗಂಡ್ ಹುಡುಗ್ರು ನನ್ನ ಎತ್ತಿ ಕುಂದ್ರಸೋ ದಿನ ಬರಬಾರ್ದು."

ಮನೆಗೆ ಬಂದು ಬಚ್ಚಲ ಕಲ್ಲು ತಿಕ್ಕಿ ಪಾಚಿ ತೆಗೆದೆ. ಹಿಡಿದುಕೊಳ್ಳಲು ಗೋಡೆಗೆ ಹಗ್ಗ ಕಟ್ಟಿಸಿದೆ. ಮೊನ್ನೆ ಸೋಮವಾರ ಮುಂಜಾನೆ ಮೈ ತೊಳೆಯಲು ನಿಂತ ಅಕ್ಕ ಆ ಹಗ್ಗ ಹಿಡಿದುಕೊಂಡೇ ಬಿದ್ದಳು. ಕಾಲು ಜಾರಿರಲಿಲ್ಲ, ಸೊಂಟವೇ ಕುಸಿದಿತ್ತು. ಕಂಕುಳಿಗೆ ಕೈ ಹಾಕಿ ಎತ್ತಿದೆ. ಏಳಲಿಲ್ಲ. ಮತ್ತೆ ಎತ್ತಿದೆ. ಭಾರ ತಡೆಯದೆ ನಾನೂ ಪಕ್ಕದಲ್ಲಿ ಕುಸಿದು ಕುಳಿತೆ.

"ಬಿಡಲೇ ಮೈಲಿ, ನೀನೂ ಮುರ್ಕಂಡು ಬಿದ್ರ ಗಂಜಿ ಕಾಸೋರ್ಯಾರು?" ಎಂದು ನನ್ನ ಹೆಸರು ಹಿಡಿದೇ ಗದರಿದಳು, ಅಷ್ಟು ನೋವಿನಲ್ಲೂ.

"ವೆಂಕಟೇಶನ್ನ ಕೂಗ್ಲೇನಕ್ಕ?"

ಅವಳು ಮತ್ತೆ ಹಗ್ಗ ಜಗ್ಗಿ ಏಳಲು ನೋಡಿದಳು, ಆಗಲಿಲ್ಲ. ಕಲ್ಲು ತಣ್ಣಗಿತ್ತು, ಅವಳಿಗೆ ನಡುಕ ಬಂತು. ಆಮೇಲೆ, "ಮೊದ್ಲು ಸೀರಿ ಹೊದಸು" ಎಂದಳು.

ಒಣ ಸೀರೆ ತಂದು ಅವಳಿಗೆ ಸುತ್ತಹೋದೆ. ಎಡ ಸೊಂಟದ ಅಡಿಗೆ ಬಟ್ಟೆ ತೂರಲಿಲ್ಲ, ಮುಟ್ಟಿದರೆ ಚೀರಿದಳು. ಮೇಲಷ್ಟೇ ಹೊದಿಸಿ, ಬಾಗಿಲಿಗೆ ಹೋಗಿ ವೆಂಕಟೇಶನನ್ನು ಕೂಗಿದೆ.