ಹಗ್ಗಕ್ಕೆ ಕೈ ಹಾಕಿಸಿದ ಮಾಸ್ಟ್ರು

ನಮ್ಮ ಡ್ರಿಲ್ ಮಾಸ್ಟ್ರಿಗೆ ಪೀಪಿ ಬೇಕಿರಲಿಲ್ಲ. ಎದುರಿನ ಹಲ್ಲುಗಳ ಸಂದಿನಿಂದ ಅವರು ಹಾಕುವ ಸಿಳ್ಳೆ ಶಾಲೆಯ ಮೈದಾನ ದಾಟಿ ಕಾಪು ಪೇಟೆಯವರೆಗೂ ಕೇಳುತ್ತಿತ್ತು. ಯಾರಿಗೂ ಹೊಡೆದವರಲ್ಲ. ತಪ್ಪು ಮಾಡಿದವನ ಹೆಗಲ ಮೇಲೆ ಕೈ ಹಾಕಿ, "ಬಾ ಮಾರಾಯ, ಸ್ವಲ್ಪ ಕೆಲಸ ಉಂಟು" ಎನ್ನುತ್ತಿದ್ದರು. ಆ ಕೈಯಿಂದ ಬಿಡಿಸಿಕೊಳ್ಳುವುದು ಸುಲಭವಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಕಡಲ ತೀರದ ದೀಪಸ್ತಂಭದ ಬಂಡೆಗಳ ಮರೆಯಲ್ಲಿ ಯಾರೋ ಒಬ್ಬ ಬೀಡಿಗೆ ಗಾಂಜಾ ತುಂಬಿಸಿ ಹೈಸ್ಕೂಲು ಹುಡುಗರಿಗೆ ಕೊಡತೊಡಗಿದ್ದ. ಸಿಕ್ಕಿಬಿದ್ದವರಲ್ಲಿ ಒಂಬತ್ತನೆಯ ತರಗತಿಯ ನನ್ನ ತಮ್ಮನೂ ಇದ್ದ. ಟೀಸಿ ಕೊಟ್ಟು ಕಳಿಸಿ ಎಂದರು ಉಳಿದ ಮಾಸ್ಟ್ರುಗಳು.

"ಕಳಿಸಿದರೆ ಎಲ್ಲಿಗೆ ಹೋಗ್ತಾರೆ? ಆ ಬಂಡೆಯ ಹತ್ತಿರವೇ ಅಲ್ವಾ?" ಎಂದರು ಇವರು.

ಮರುದಿನದಿಂದ ಶಾಲೆ ಬಿಟ್ಟೊಡನೆ ಆ ಹುಡುಗರನ್ನೆಲ್ಲ ಕಡಲ ತೀರಕ್ಕೆ ಕರೆದೊಯ್ದು, ಮೀನು ಹಿಡಿಯುವ ತಮ್ಮ ಮೊಗವೀರ ಬಂಧುಗಳ ಜೊತೆ ಕೈರಂಪಣಿಯ ಹಗ್ಗ ಎಳೆಯಲು ನಿಲ್ಲಿಸಿದರು. ದೋಣಿಯಲ್ಲಿ ಹೋಗಿ ಬಿಟ್ಟ ಉದ್ದನೆಯ ಬಲೆಯನ್ನು ದಡದಲ್ಲಿ ನಿಂತು ಊರಿಗೆ ಊರೇ ಎಳೆಯುವ ಕೆಲಸ ಅದು. ಹಗ್ಗ ಹಿಡಿದವರಿಗೆಲ್ಲ ಮೀನಿನಲ್ಲಿ ಪಾಲು. ಅಷ್ಟು ಕಣ್ಣುಗಳ ಮುಂದೆ ಬೀಡಿಯವನ ಆಟ ನಡೆಯಲಿಲ್ಲ. ಜಾಗ ಖಾಲಿ ಮಾಡಿದ.

ಎಡವಟ್ಟಾದದ್ದು ನಮ್ಮ ಮನೆಯಲ್ಲಿ. ಅಪ್ಪ ದೇವಸ್ಥಾನದ ಅರ್ಚಕರು. ತಮ್ಮ ತನ್ನ ಪಾಲಿನ ಬೂತಾಯಿ ಮೀನನ್ನು ಎಲೆಯಲ್ಲಿ ಕಟ್ಟಿಕೊಂಡು ಬಂದು ನೇರ ಅಡುಗೆಮನೆಯಲ್ಲಿಟ್ಟ. ಅಮ್ಮ ಹೌಹಾರಿದರು. ಗಾಂಜಾದ ವಿಷಯ ಅಪ್ಪನಿಗೆ ಗೊತ್ತಿರಲಿಲ್ಲ. ಮರುದಿನ ಸಂಜೆ ಸಿಟ್ಟಿನಿಂದ ಕಡಲಿನ ಕಡೆ ಹೊರಟರು, ಹಿಂದಿನಿಂದ ನಾನು.

"ಎಂತ ಮಾಸ್ಟ್ರೇ ಇದು? ನಮ್ಮ ಮಗನ ಮೈಯೆಲ್ಲ ಮೀನಿನ ವಾಸನೆ."

ಮಾಸ್ಟ್ರು ಹಗ್ಗ ಬಿಡದೆಯೇ ಹೇಳಿದರು: "ಭಟ್ರೇ, ಮೊದಲು ಗಾಂಜಾದ ವಾಸನೆ ಇತ್ತು. ಇದು ಸಾಬೂನು ಹಾಕಿದರೆ ಹೋಗ್ತದೆ."

ಅಪ್ಪ ಹಗ್ಗ ಎಳೆಯುತ್ತಿದ್ದ ತಮ್ಮನನ್ನು ಒಮ್ಮೆ ನೋಡಿ ಹಿಂದಿರುಗಿದರು. ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಇಷ್ಟೇ: "ನಾಳೆಯಿಂದ ಸಂಜೆ ಅವನಿಗೆ ಬಿಸಿನೀರು ಕಾಯಿಸಿಡು. ಮೀನು ಮಾತ್ರ ಅಲ್ಲೇ ಯಾರಿಗಾದರೂ ಕೊಟ್ಟು ಬರಲಿ."

ಆ ಹುಡುಗರಲ್ಲಿ ಒಬ್ಬನೂ ಕೈತಪ್ಪಿ ಹೋಗಲಿಲ್ಲ. ತಮ್ಮ ಕಾರ್ಕಳದ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಒಂದು ಶಾಲೆಯಲ್ಲಿ ಮಾಸ್ಟ್ರಾದ. ನಮ್ಮ ಮನೆಯವರು ತಲೆಯೆತ್ತಿ ನಡೆಯುತ್ತಿದ್ದರೆ ಅದು ಆ ಡ್ರಿಲ್ ಮಾಸ್ಟ್ರಿಂದ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಿಯೇನು.

ಎಂಬತ್ತರ ದಶಕದ ಕೊನೆಯಲ್ಲಿ ಮಾಸ್ಟ್ರು ತೀರಿಕೊಂಡರು. ಚಟ್ಟಕ್ಕೆ ಹೆಗಲು ಕೊಡಲು ಆ ಹುಡುಗರೆಲ್ಲ ಬಂದಿದ್ದರು. ಎಲ್ಲರಿಗಿಂತ ಮುಂದೆ ನನ್ನ ತಮ್ಮ. ಮೊಗವೀರರ ಚಟ್ಟ ಹೊತ್ತವನು ಅರ್ಚಕರ ಮಗನಲ್ಲವೇ, ಹೀಗೆ ಮಾಡಬಹುದೇ ಎಂದು ಅಪ್ಪನ ಪಕ್ಕದಲ್ಲಿ ಯಾರೋ ಪಿಸುಗುಟ್ಟಿದರು.

ಅಪ್ಪ ಅವರ ಕಡೆಗೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಹೌದು, ನನ್ನ ಮಗನೇ" ಎಂದರು.